ಹನ್ನೊಂದು ಸುತ್ತು

ಕೆಳಬೀದಿಯ ಜನ ಅವನನ್ನು ನೀರಣ್ಣ ಎಂದು ಕರೆಯುತ್ತಿದ್ದರು. ನೀರು ಬಂದ ದಿನ ಅದು ಪ್ರೀತಿಯ ಹೆಸರು, ಬಾರದ ದಿನ ಬೈಗುಳ. ಹತ್ತೊಂಬತ್ತು ವರ್ಷದಿಂದ ಅವನು ಮಾಡಿಕೊಂಡು ಬಂದ ಕೆಲಸ ನೋಡುವವರ ಕಣ್ಣಿಗೆ ಏನೇನೂ ಅಲ್ಲ. ರಸ್ತೆಯಲ್ಲಿರುವ ಕಬ್ಬಿಣದ ಮುಚ್ಚಳಕ್ಕೆ ಕೊಕ್ಕೆ ಹಾಕಿ ಎತ್ತಬೇಕು, ಎದೆಮಟ್ಟದ ಕೀಲಿಯನ್ನು ಗುಂಡಿಯೊಳಗೆ ಇಳಿಸಿ ವಾಲ್ವಿನ ತಲೆಗೆ ಕೂರಿಸಬೇಕು, ಎರಡೂ ಕೈಯಲ್ಲಿ ಹಿಡಿದು ತಿರುಗಿಸಬೇಕು. ಒಳಗೆ ಎಷ್ಟು ತೆರೆದಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಸುತ್ತು ಎಣಿಸಬೇಕು. ಮೂವತ್ತು ಸುತ್ತು ತಿರುಗಿಸಿದರೆ ವಾಲ್ವು ಪೂರ್ತಿ ತೆರೆದಂತೆ. ನೀರು ಹರಿಯತೊಡಗಿದರೆ ಕೀಲಿ ಸಣ್ಣಗೆ ನಡುಗುತ್ತದೆ. ಆ ನಡುಕವನ್ನು ಅಂಗೈಯಿಂದಲೇ ಕೇಳಿ, ಪೈಪು ತುಂಬಿತೋ ಇಲ್ಲವೋ ಎಂದು ನೀರಣ್ಣ ಹೇಳಬಲ್ಲವನಾಗಿದ್ದ.

ಇದನ್ನು ಮೊದಲು ಗಮನಿಸಿದ್ದು ಅವನ ಸೋದರಮಾವ. ಮಾವನದು ರೇಡಿಯೋ ರಿಪೇರಿ ಅಂಗಡಿ. ಈಗ ರೇಡಿಯೋ ಯಾರೂ ತರುವುದಿಲ್ಲ, ಆದರೂ ಅಂಗಡಿ ಮುಚ್ಚುವಷ್ಟು ಮನಸ್ಸು ಗಟ್ಟಿ ಮಾಡಿಕೊಳ್ಳಲು ಆತನಿಗೆ ಆಗಿರಲಿಲ್ಲ. ಹಿಂದೆ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಗಿರಾಕಿಯೊಬ್ಬ ರಿಪೇರಿಗೆ ಕೊಟ್ಟ ಟೇಪ್ ರೆಕಾರ್ಡರಿನೊಳಗೆ ಒಂದು ಕ್ಯಾಸೆಟ್ ಮರೆತು ಹೋಗಿದ್ದ. ಅದರಲ್ಲಿದ್ದದ್ದು ಜಮೈಕಾದ ಡಬ್ ರೆಗ್ಗೆ ಸಂಗೀತ. ನಿಧಾನದ ತಾಳ, ನೆಲ ಅದುರುವಂಥ ಬೇಸ್ ಗಿಟಾರ್. ಹಾಡುವವನ ದನಿಯನ್ನು ನಡುನಡುವೆ ಕಿತ್ತುಹಾಕಿ, ಉಳಿದ ಒಂದೆರಡು ಮಾತನ್ನು ಪ್ರತಿಧ್ವನಿ ಮಾಡಿ ದೂರಕ್ಕೆ ಎಸೆದಿದ್ದರು. ಮಾವ ಆ ಕ್ಯಾಸೆಟ್ಟನ್ನು ಹಿಂದಿರುಗಿಸಲೇ ಇಲ್ಲ. ಎರಡು ಹಳೆಯ ಟೇಪ್ ರೆಕಾರ್ಡರುಗಳನ್ನು ಬಿಚ್ಚಿ ಸೇರಿಸಿ, ದನಿಯನ್ನು ಹಾಗೆ ಎಸೆಯುವ ಯಂತ್ರವೊಂದನ್ನು ತಾನೇ ಮಾಡಿಕೊಂಡ.

"ಕಿವಿಯಿಂದ ಕೇಳೋರು ಬೇಕಾದಷ್ಟು ಜನ ಸಿಗ್ತಾರೆ," ಎಂದು ಮಾವ ಸೋದರಳಿಯನ ಕೈಗೆ ಹಳೆಯ ಬೇಸ್ ಗಿಟಾರ್ ಕೊಟ್ಟಿದ್ದ. "ಕೈಯಿಂದ ಕೇಳೋನು ನೀನೊಬ್ಬನೇ. ಹಿಡ್ಕೋ."

ನೀರಣ್ಣನ ತಂಗಿಗೆ ಆ ನಿಧಾನ ಹಿಡಿಸುತ್ತಿರಲಿಲ್ಲ. ಅವಳು ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ವೇಳೆಯನ್ನು ಮೈಕಿನಲ್ಲಿ ಹೇಳುವವಳು. ದಿನಕ್ಕೆ ಎಂಟು ಗಂಟೆ 'ದಯವಿಟ್ಟು ಗಮನಿಸಿ' ಎಂದು ಜೇನು ಸವರಿದ ದನಿಯಲ್ಲಿ ಹೇಳಿ ಹೇಳಿ, ಸಂಜೆಯ ಹೊತ್ತಿಗೆ ಯಾರನ್ನಾದರೂ ಬೈಯದಿದ್ದರೆ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ಅವಳಿಗೆ ಬೇಕಾದದ್ದು ಪಂಕ್ ಸಂಗೀತ. ಮೂರೇ ಸ್ವರಗುಚ್ಛ, ಎರಡು ನಿಮಿಷ, ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಹೊರಗೆ. ಗಿಟಾರನ್ನೂ ಅವಳೇ ಬಾರಿಸುತ್ತಿದ್ದಳು, ಚಚ್ಚುತ್ತಿದ್ದಳು ಎಂದರೂ ಸರಿಯೇ. ಡ್ರಮ್ಮಿಗೆ ಅವಳ ಶಾಲೆಯ ಗೆಳೆಯ, ಗೇಟು ಕಿಟಕಿ ಬೆಸೆಯುವ ವೆಲ್ಡರ್ ಬಂದ. ಹೀಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ 'ಒಣ ನಲ್ಲಿ' ಎಂಬ ಬ್ಯಾಂಡ್ ಹುಟ್ಟಿತು. ಅವಳು ಓಡಿಸುವಳು, ಮಾವ ಎಳೆದು ನಿಲ್ಲಿಸುವನು. ಪ್ರತಿ ಹಾಡೂ ಅರ್ಧ ಜಗಳ, ಅರ್ಧ ರಾಜಿ. ನಡುವೆ ನಿಂತು ಇಬ್ಬರನ್ನೂ ಹಿಡಿದಿಡುವ ಪಾಡು ಬೇಸ್ ಬಾರಿಸುವವನದು.

ಮೂರು ವರ್ಷ ಅವರು ಹಾಡಿದ್ದು ಬಾಡಿಗೆ, ಬಸ್ ದರ, ಮುಚ್ಚಿದ ಕಾರ್ಖಾನೆ ಇಂಥವುಗಳ ಮೇಲೆ. ಕೇಳುವವರು ಮೂವತ್ತೋ ನಲವತ್ತೋ ಜನ, ಅದರಲ್ಲಿ ಅರ್ಧ ವೆಲ್ಡರನ ನೆಂಟರು.

ನಾಲ್ಕನೇ ವರ್ಷ ಮೇಲ್ಬೀದಿಯಲ್ಲಿ ಹದಿನೆಂಟು ಅಂತಸ್ತಿನ ಕಟ್ಟಡಗಳು ಎದ್ದವು. ಅದೇ ತಿಂಗಳು ಕಚೇರಿಯಿಂದ ಆದೇಶ ಬಂತು. ಮೇಲ್ಬೀದಿಗೆ ದಿನವೂ ಮೂವತ್ತು ಸುತ್ತು. ಕೆಳಬೀದಿಗೆ ಮೂರು ದಿನಕ್ಕೊಮ್ಮೆ, ಎರಡು ಗಂಟೆ, ಹನ್ನೊಂದು ಸುತ್ತು. ಕಾರಣ ಎಂಬಲ್ಲಿ 'ರಿಪೇರಿ' ಎಂದಿತ್ತು. ಎರಡು ತಿಂಗಳು ಕಳೆದರೂ ಒಂದು ಗುದ್ದಲಿಯೂ ನೆಲಕ್ಕೆ ಬೀಳಲಿಲ್ಲ.

ನೀರಣ್ಣನ ಮನೆ ಇದ್ದದ್ದೂ ಕೆಳಬೀದಿಯಲ್ಲೇ. ಅವನ ಹೆಂಡತಿ ಅದೇ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ನೀರಿಲ್ಲದ ದಿನ ಲಾಂಡ್ರಿಗೆ ರಜೆ. ಬೆಳಿಗ್ಗೆ ಮೇಲ್ಬೀದಿಗೆ ನೀರು ಬಿಟ್ಟು ಮನೆಗೆ ಬಂದರೆ ಹೆಂಡತಿ ಖಾಲಿ ಬಕೆಟ್ಟಿನ ಪಕ್ಕ ಕೈಕಟ್ಟಿ ಕೂತಿರುತ್ತಿದ್ದಳು.

"ಪಕ್ಕದ ಮನೆಯವರು ನನ್ನ ಮುಂದೇನೇ ನಿಮ್ಮನ್ನ ಬೈತಾರೆ," ಎಂದಳು ಒಂದು ದಿನ. "ಸುಮ್ನೆ ನಗ್ತಾ ನಿಂತ್ಕೋಬೇಕು ನಾನು. ಇನ್ನೆಷ್ಟು ದಿನ ರೀ ಇದು?"

"ನನ್ನ ಕೈಲಿ ಏನಿದೆ ಹೇಳು."

"ಕೀಲಿ ಇದೆಯಲ್ಲ."

ಸಂಜೆ ಅಂಗಡಿಗೆ ಹೋದವನು ತಡೆಯಲಾರದೆ ತಂಗಿಯ ಮುಂದೆ ಎಲ್ಲವನ್ನೂ ಹೇಳಿಕೊಂಡ. ಮೂವತ್ತು, ಹನ್ನೊಂದು, ರಿಪೇರಿ, ಎಲ್ಲ. ಹೇಳಿ ಮನಸ್ಸು ಹಗುರಾಯಿತು ಎಂದುಕೊಂಡರೆ, ನಾಲ್ಕೇ ದಿನದಲ್ಲಿ ಅವಳು ಅದನ್ನು ಹಾಡು ಮಾಡಿಕೊಂಡು ಬಂದಳು.

*ಮೇಲಿನ ಬೀದಿಗೆ ಮೂವತ್ತು ಸುತ್ತು,*
*ಕೆಳಗಿನ ಬೀದಿಗೆ ಹನ್ನೊಂದು.*
*ಯಾಕೆ ಅಂದ್ರೆ ರಿಪೇರಿಯಂತೆ,*
*ಯಾವತ್ತಂದ್ರೆ ಮುಂದೊಂದು.*

"ಲೆಕ್ಕ ಬೇಡ ಕಣೇ," ಎಂದ ನೀರಣ್ಣ. "ಸುತ್ತಿನ ಲೆಕ್ಕ ಗೊತ್ತಿರೋದು ಇಂಜಿನಿಯರಿಗೆ, ನನಗೆ. ಇಂಜಿನಿಯರ್ ಅಂತೂ ಹಾಡು ಕಟ್ಟೋದಿಲ್ಲ."

"ಲೆಕ್ಕ ತೆಗೆದ್ರೆ ಏನುಳಿಯುತ್ತೆ ಅಣ್ಣ? ಬರೀ ಗೊಣಗಾಟ. ಲೆಕ್ಕ ಇದೆ ಅಂತಾನೇ ಇದು ಹಾಡು."

ಅವಳು ಹೇಳಿದ್ದು ನಿಜವೇ ಇತ್ತು, ಅದೇ ಅವನ ಕಷ್ಟ. ಮೂರು ವರ್ಷದಲ್ಲಿ ಮೊದಲ ಸಲ ಅವಳ ಓಟಕ್ಕೂ ಮಾವನ ನಿಧಾನಕ್ಕೂ ಜಗಳವಾಗಲಿಲ್ಲ. ಮೊದಲೆರಡು ಸಾಲನ್ನು ಅವಳು ಉಸಿರು ಬಿಡದೆ ಕೂಗಿದಳು. 'ಹನ್ನೊಂದು' ಎಂಬುದನ್ನು ಮಾವ ಹಿಡಿದು ಕೋಣೆಯ ತುಂಬ ಎಸೆದ. ಹನ್ನೊಂದು, ನ್ನೊಂದು, ಒಂದು ಎಂದು ಅದು ಗೋಡೆಯಿಂದ ಗೋಡೆಗೆ ಹೋಗಿ ತೆಳ್ಳಗಾಯಿತು. ಕೆಳಗೆ ನೀರಣ್ಣನ ಬೇಸ್ ತುಂಬಿದ ಪೈಪಿನಂತೆ ಗುಂಯ್‌ಗುಟ್ಟಿತು. ವೆಲ್ಡರ್ ಕೋಲು ಕೆಳಗಿಟ್ಟು, "ಇದು ಊರೆಲ್ಲಾ ತಿರುಗುತ್ತೆ, ನೋಡ್ತಾ ಇರಿ," ಎಂದ.

ತಿರುಗಿಯೇ ತಿರುಗಿತು. ಬಕೆಟ್ ಸಾಲಿನಲ್ಲಿ ನಿಂತ ಹೆಂಗಸರು ಹಾಡಿದರು, ಶಾಲೆಗೆ ಹೋಗುವ ಮಕ್ಕಳು ಹಾಡಿದರು. ನೀರಣ್ಣ ಕೀಲಿ ಹೊತ್ತು ಬರುವುದನ್ನು ಕಂಡರೆ ಯಾರಾದರೊಬ್ಬರು "ಎಷ್ಟು ನೀರಣ್ಣ ಇವತ್ತು?" ಎನ್ನುವರು, ಇನ್ಯಾರೋ "ಹನ್ನೊಂದು" ಎನ್ನುವರು. ತನ್ನದೇ ಹಾಡು ತನ್ನನ್ನೇ ಅಣಕಿಸುವುದನ್ನು ಕೇಳಿಕೊಂಡು ಅವನು ತಲೆತಗ್ಗಿಸಿ ಎಣಿಸುವನು.

ಮೂರು ವಾರಕ್ಕೆ ಇಂಜಿನಿಯರ್ ಕರೆ ಕಳಿಸಿದರು. ಅವರು ಕೂಗಾಡಲಿಲ್ಲ. ಕುರ್ಚಿ ತೋರಿಸಿ ಚಹಾ ತರಿಸಿದರು.

"ನನ್ನ ಮಗಳು ನಿಮ್ಮ ಹಾಡು ಗುನುಗ್ತಿರ್ತಾಳೆ. ಚೆನ್ನಾಗಿದೆ. ಈ ಹನ್ನೊಂದು ಅನ್ನೋದು ಎಲ್ಲಿಂದ ಬಂತು?"

"ಪ್ರಾಸಕ್ಕೆ ಸಾರ್."

"ಪ್ರಾಸಕ್ಕೆ ಇಪ್ಪತ್ತೊಂದೂ ಆಗ್ತಿತ್ತಲ್ಲ."

ಇಂಜಿನಿಯರ್ ಮುಂದಕ್ಕೆ ಬಾಗಿದರು. "ನೋಡಿ, ಹೊಸ ಪಂಪು, ಹಳೇ ಪೈಪು. ಕೆಳಬೀದಿಯಲ್ಲಿರೋದು ನಲವತ್ತು ವರ್ಷದ ಪೈಪು. ಹನ್ನೊಂದಕ್ಕಿಂತ ಜಾಸ್ತಿ ತಿರುಗಿಸಿದ್ರೆ ತಡೆಯಲ್ಲ. ಬದಲಾಯಿಸೋಣ ಅಂತ ನಾನು ಎರಡು ಸಲ ಬರೆದಿದ್ದೀನಿ, ಮೇಲಿನವರು ನೋಡ್ತಿಲ್ಲ. ಇದನ್ನೆಲ್ಲ ಹಾಡಲ್ಲಿ ಹಾಕ್ತೀರಾ? ಇಲ್ಲ. ಕಾರ್ಮಿಕರ ಭವನದಲ್ಲಿ ನಿಮ್ಮ ಬ್ಯಾಂಡಿನ ಕಾರ್ಯಕ್ರಮ ಇದೆಯಲ್ಲ, ಅದಕ್ಕೆ ನಾನೂ ಬರ್ತೀನಿ, ನನ್ನ ಮೇಲಿನವರೂ ಬರ್ತಾರೆ. ಅವತ್ತು ಆ ಸಂಖ್ಯೆ ಕೇಳಿಸಬಾರದು. ಕೇಳಿಸಿದ್ರೆ ಕಚೇರಿಯ ಲೆಕ್ಕ ಹೊರಗೆ ಬಿಟ್ಟೋನು ಯಾರು ಅಂತ ನಾನು ಬರೆಯಲೇಬೇಕಾಗುತ್ತೆ."

ಪೈಪಿನ ಮಾತನ್ನು ನೀರಣ್ಣ ನಂಬಲಿಲ್ಲ. ಹತ್ತೊಂಬತ್ತು ವರ್ಷ ಅದೇ ಪೈಪಿಗೆ ಅವನು ಮೂವತ್ತು ಸುತ್ತು ಬಿಟ್ಟಿದ್ದ. ಒಂದು ಹನಿ ಸೋರಿರಲಿಲ್ಲ. ದೊಡ್ಡವರ ಬಾಯಲ್ಲಿ ನೆಪಕ್ಕೇನು ಬರ ಎಂದುಕೊಂಡ. ಆದರೆ ಕೊನೆಯ ಮಾತನ್ನು ನಂಬಿದ.

ತಂಗಿಯನ್ನು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಮಾವನನ್ನು ಕೇಳಿದ.

"ಆ ಒಂದು ಜಾಗದಲ್ಲಿ ಅವಳ ದನಿ ತೆಗೆದುಬಿಡು ಮಾವ. ಹೇಗೂ ನೀನು ಅಲ್ಲಲ್ಲಿ ತೆಗೀತಾನೇ ಇರ್ತೀಯ. ಯಾರಿಗೂ ಗೊತ್ತಾಗಲ್ಲ."

ಮಾವ ಕನ್ನಡಕ ತೆಗೆದು ಒರೆಸಿದ. "ತೆಗೆಯೋದು ಸುಲಭ ಕಣೋ. ನಿನಗಾಗಿ ತೆಗೀತೀನಿ. ಆದ್ರೆ ಯಾರಿಗೂ ಗೊತ್ತಾಗಲ್ಲ ಅನ್ನೋದನ್ನ ನೀನು ಹೇಳ್ಬೇಡ, ನಾನೂ ಹೇಳಲ್ಲ."

ಕಾರ್ಯಕ್ರಮ ನಡೆದದ್ದು ಭಾನುವಾರ ಮಧ್ಯಾಹ್ನ. ಭವನದಲ್ಲಿ ಆರುನೂರು ಕುರ್ಚಿ, ಗೋಡೆಗೆ ಒರಗಿ ನಿಂತವರು ಬೇರೆ. ಮೊದಲ ಸಾಲಿನಲ್ಲಿ ಇಂಜಿನಿಯರ್, ಅವರ ಪಕ್ಕ ಕೋಟು ಹಾಕಿದ ಇಬ್ಬರು. ತಂಗಿ ಮೈಕು ಹಿಡಿದು ಒಂದೇ ಉಸಿರಿಗೆ ಶುರು ಮಾಡಿದಳು. ಮೇಲಿನ ಬೀದಿಗೆ ಮೂವತ್ತು ಸುತ್ತು, ಕೆಳಗಿನ ಬೀದಿಗೆ... ಅಲ್ಲಿಗೆ ಮಾವ ಅವಳ ಮೈಕಿನ ಸದ್ದನ್ನು ಪೂರ್ತಿ ಇಳಿಸಿಬಿಟ್ಟ. ಉಳಿದದ್ದು ಡ್ರಮ್ಮು, ಬೇಸು, ಬಾಯಿ ಆಡಿಸುತ್ತಿದ್ದ ತಂಗಿ.

ಆ ಖಾಲಿ ಜಾಗಕ್ಕೆ ಆರುನೂರು ಗಂಟಲು ನುಗ್ಗಿದವು. "ಹನ್ನೊಂದು."

ಮುಂದಿನ ಸುತ್ತಿನಲ್ಲೂ ಮಾವ ದನಿ ತೆಗೆದ, ಮತ್ತೆ ಜನವೇ ಹೇಳಿದರು, ಮೊದಲಿಗಿಂತ ಜೋರಾಗಿ, ಈ ಸಲ ಕಾಲಿನಿಂದ ನೆಲ ಕುಟ್ಟುತ್ತ. ಕೋಟು ಹಾಕಿದವರಲ್ಲೊಬ್ಬ ಇಂಜಿನಿಯರ್ ಕಡೆ ತಿರುಗಿ ಏನೋ ಕೇಳಿದ. ಇಂಜಿನಿಯರ್ ನೀರಣ್ಣನನ್ನು ನೋಡಿದರು. ನೀರಣ್ಣ ತನ್ನ ಬೆರಳುಗಳನ್ನು ನೋಡಿದ. ಹಾಡಿನ ನಡುವೆ ಬೇಸ್ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಎಲ್ಲ ಕುಸಿಯುತ್ತದೆ. ತನ್ನ ನೇಣಿಗೆ ತಾನೇ ತಾಳ ಹಾಕಿದಂತೆ ಕೊನೆಯವರೆಗೂ ಬಾರಿಸಿದ.

ವೇದಿಕೆಯ ಹಿಂದೆ ಸಾಮಾನು ಇಡುವ ಕೋಣೆಯಲ್ಲಿ ತಂಗಿ ಮಾವನನ್ನು ತರಾಟೆಗೆ ತೆಗೆದುಕೊಳ್ಳಲು ಹೋದಳು. ನೀರಣ್ಣನೇ ಅಡ್ಡ ಬಂದು, "ನಾನು ಹೇಳಿ ಮಾಡಿಸಿದ್ದು," ಎಂದ.

ಅವಳು ಕೂಗಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಬಸ್ ನಿಲ್ದಾಣದ ದನಿಯಲ್ಲಿ ಮಾತಾಡಿದಳು.

"ನೀರು ಬಂದ್ ಮಾಡೋದು ನಿನ್ನ ಕೆಲಸ, ಅದಕ್ಕೆ ನಾನು ಯಾವತ್ತೂ ಏನೂ ಅಂದಿಲ್ಲ ಅಣ್ಣ. ಈಗ ನನ್ನ ಬಾಯಿಗೂ ವಾಲ್ವು ಕೂರಿಸಿದ್ಯಾ?"

ಮನೆಗೆ ಬಂದರೂ ಆ ಮಾತು ಅವನ ಬೆನ್ನು ಬಿಡಲಿಲ್ಲ. ಕಚೇರಿಗೂ ಬೇಡವಾದೆ, ತಂಗಿಗೂ ಬೇಡವಾದೆ, ಬೀದಿಯವರಿಗಂತೂ ಎಂದೂ ಬೇಕಾಗಿರಲಿಲ್ಲ. ಹೆಂಡತಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದ. ಮರುದಿನ ಬೆಳಿಗ್ಗೆ ಕೆಳಬೀದಿಯ ಸರದಿ. ಆರು ಗಂಟೆಗೆ ಕೀಲಿ ಹೊತ್ತು ಹೊರಟ.

ಮುಚ್ಚಳ ಎತ್ತಿದ, ಕೀಲಿ ಇಳಿಸಿದ, ತಿರುಗಿಸಿದ. ಹತ್ತು. ಹನ್ನೊಂದು. ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಅಭ್ಯಾಸಬಲದಿಂದ ನಲ್ಲಿಯ ಕಡೆ ಹೊರಡಲು ತಿರುಗಿದಳು. ಅವನು ಕೈ ತೆಗೆಯಲಿಲ್ಲ. ಹನ್ನೆರಡು ಎಂದ, ಬಾಯಿಬಿಟ್ಟು. ಮುದುಕಿ ನಿಂತಳು. ಹದಿನೈದು, ಇಪ್ಪತ್ತು, ಇಪ್ಪತ್ತೈದು. ಭುಜ ಉರಿಯುತ್ತಿತ್ತು, ಹೊಟ್ಟೆ ಮಾತ್ರ ಎಷ್ಟೋ ತಿಂಗಳ ಮೇಲೆ ತಣ್ಣಗಾಗಿತ್ತು. ಮೂವತ್ತು ಎಂದು ಕೀಲಿ ಬಿಟ್ಟಾಗ ಅದು ಗಡಗಡ ನಡುಗುತ್ತಿತ್ತು. ಆ ನಡುಕ ಅವನ ಅಂಗೈ ಬಲ್ಲ ನಡುಕವಾಗಿರಲಿಲ್ಲ. ಅದನ್ನು ಗಮನಿಸಿದ, ಗಮನಿಸಿಯೂ ಬಿಟ್ಟುಬಿಟ್ಟ. ಮುಂದೆ ಆ ದಿನದ ಬಗ್ಗೆ ಯೋಚಿಸಿದಾಗೆಲ್ಲ ಅವನಿಗೆ ಚುಚ್ಚಿದ್ದು ಇದೊಂದೇ.

ಇಪ್ಪತ್ತು ನಿಮಿಷ ಕೆಳಬೀದಿಗೆ ಸುಖ ಬಂತು. ಮೂರನೇ ಮಹಡಿಯ ನಲ್ಲಿಗೂ ನೀರು ಏರಿತು. ಬಕೆಟ್ಟು ತುಂಬಿ, ಪಾತ್ರೆ ತುಂಬಿ, ಇನ್ನು ತುಂಬಿಸಲು ಏನೂ ಇಲ್ಲದೆ ಜನ ಕೈಕಾಲು ತೊಳೆದರು. ಯಾರೋ ಕಿಟಕಿಯಿಂದ "ನೀರಣ್ಣ, ನಿಮ್ಮ ಹೊಟ್ಟೆ ತಣ್ಣಗಿರ್ಲಿ," ಎಂದರು.

ಆಮೇಲೆ ಲಾಂಡ್ರಿಯ ಮುಂದೆ ರಸ್ತೆ ಉಬ್ಬಿತು. ಟಾರು ಬಿರಿದು, ಕೆಸರುನೀರು ಆಳೆತ್ತರಕ್ಕೆ ಚಿಮ್ಮಿತು. ಅದು ತಗ್ಗಿನ ಅಂಗಡಿ. ನೀರು ಮೆಟ್ಟಿಲಿಳಿದು ನೇರ ಒಳಗೇ ಹೋಯಿತು. ಒಗೆದು ಮಡಿಸಿಟ್ಟ ಬಿಳಿ ಹಾಸುಬಟ್ಟೆಗಳು ಕೆಸರಿನಲ್ಲಿ ತೇಲಿದವು. ನೀರಣ್ಣನ ಹೆಂಡತಿ ಇಸ್ತ್ರಿಯ ವೈರು ಕಿತ್ತು ಮೇಜಿನ ಮೇಲೆ ಹತ್ತಿ ನಿಂತಳು.

ಅವನು ವಾಲ್ವಿನ ಕಡೆ ಓಡಿದ. ಮುಚ್ಚುವುದಕ್ಕೂ ಮೂವತ್ತು ಸುತ್ತೇ. ಬೇಗ ಮುಚ್ಚುವಂತಿಲ್ಲ, ಹರಿಯುವ ನೀರನ್ನು ಥಟ್ಟನೆ ತಡೆದರೆ ಅದರ ಪೆಟ್ಟಿಗೆ ಪೈಪು ಇನ್ನೆಲ್ಲಾದರೂ ಒಡೆಯುತ್ತದೆ. ಬೀದಿಯ ತುದಿಯಲ್ಲಿ ಹೆಂಗಸರು ಕಿರುಚುತ್ತಿದ್ದರು, ಅವನು ಇಲ್ಲಿ ನಿಧಾನವಾಗಿ, ಒಂದೊಂದೇ ಸುತ್ತು, ಹಲ್ಲು ಕಚ್ಚಿ ತಿರುಗಿಸುತ್ತಿದ್ದ. ಜೀವಮಾನದಲ್ಲಿ ಅಷ್ಟು ಉದ್ದದ ಹತ್ತು ನಿಮಿಷವನ್ನು ಅವನು ಕಂಡಿರಲಿಲ್ಲ.

ಒಂಬತ್ತು ದಿನ ಕೆಳಬೀದಿಗೆ ಹನಿ ನೀರಿಲ್ಲ. ಟ್ಯಾಂಕರ್ ಬಂದರೆ ನೂಕುನುಗ್ಗಲು. ಅರ್ಧ ಬೀದಿ ಅವನನ್ನು ಗಂಡೆದೆಯವನು ಎಂದಿತು, ಇನ್ನರ್ಧ ಮನೆಹಾಳ ಎಂದಿತು. ಟ್ಯಾಂಕರ್ ತಡವಾದ ದಿನ ಮೊದಲ ಅರ್ಧವೂ ಎರಡನೆಯದನ್ನು ಸೇರಿಕೊಳ್ಳುತ್ತಿತ್ತು. ಹೆಂಡತಿ ಮಾತ್ರ ತನ್ನ ಪಾಲಿನ ಟ್ಯಾಂಕರ್ ನೀರಿನಲ್ಲಿ ದಿನಗಟ್ಟಲೆ ಕೂತು ಆ ಹಾಸುಬಟ್ಟೆಗಳ ಕಲೆ ತಿಕ್ಕಿದಳು, ಅಷ್ಟೆ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಗೆದು ತೆಗೆದ ಪೈಪಿನ ತುಂಡನ್ನು ನೀರಣ್ಣ ಕಣ್ಣಾರೆ ನೋಡಿದ. ತುಕ್ಕು ತಿಂದು ತಿಂದು ಅದರ ಗೋಡೆ ಅಲ್ಲಲ್ಲಿ ಹಪ್ಪಳದಷ್ಟು ತೆಳ್ಳಗಾಗಿತ್ತು. ಇಂಜಿನಿಯರ್ ಹೇಳಿದ್ದು ನಿಜ. ಹಳೆಯ ಪಂಪಿನ ಒತ್ತಡಕ್ಕೆ ಹೇಗೋ ಬಾಳಿದ್ದ ಪೈಪು, ಎತ್ತರದ ಕಟ್ಟಡಗಳಿಗೆಂದು ಕೂರಿಸಿದ ಹೊಸ ಪಂಪಿನ ಹೊಡೆತ ತಾಳಲಿಲ್ಲ. ಅವರು ಸುಳ್ಳು ಹೇಳಿದ್ದರೆ ತನಗೆ ಸಮಾಧಾನವಾಗುತ್ತಿತ್ತು ಎಂದು ಅವನಿಗೆ ಅನ್ನಿಸಿತು.

ಕಚೇರಿಯ ವಿಚಾರಣೆಗೆ ಲಿಖಿತ ಉತ್ತರ ಕೊಡಬೇಕಿತ್ತು. ಅಂಗಡಿಗೆ ಬಂದ ತಂಗಿ, ಬಿಗಿದುಕೊಂಡಿದ್ದ ಮುಖ ಸಡಿಲಿಸದೆಯೇ ಎರಡು ಪುಟ ಬರೆದು ಕೊಟ್ಟಳು. ಜನರ ಹಕ್ಕು, ಅನ್ಯಾಯ, ಪ್ರತಿಭಟನೆ ಎಲ್ಲ ಅದರಲ್ಲಿತ್ತು.

"ಇದು ನಾನಲ್ಲ," ಎಂದು ನೀರಣ್ಣ ಹಿಂದಿರುಗಿಸಿದ. "ನಾನು ಹಕ್ಕಿಗೆ ತಿರುಗಿಸಲಿಲ್ಲ. ನಿನ್ನ ಮೇಲಿನ ಸಿಟ್ಟಿಗೆ ತಿರುಗಿಸಿದೆ. ಕೀಲಿ ನಡುಗಿದ್ದು ಗೊತ್ತಾಯ್ತು, ಆದ್ರೂ ಬಿಟ್ಟೆ. ಅದು ಪ್ರತಿಭಟನೆ ಅಲ್ಲ, ಪೆದ್ದುತನ."

"ಪೈಪು ಕೊಳೆತಿದೆ ಅಂತ ಗೊತ್ತಿದ್ದೂ ಅದರ ತಲೆ ಮೇಲೆ ಹೊಸ ಪಂಪು ಕೂರಿಸಿದ್ದು ಯಾರು? ಪಂಪಿಗಾದ್ರೆ ಬೇಗ ಸಹಿ ಬಿತ್ತು, ಪೈಪಿಗೆ ಬೀಳಲಿಲ್ಲ. ಅದು ನಿನ್ನ ಪೆದ್ದುತನಾನಾ?"

"ಅದೂ ನಿಜ. ಇದೂ ನಿಜ. ಹಾಡೋದಾದ್ರೆ ಎರಡನ್ನೂ ಹಾಡು."

ಅವಳು ಆ ಎರಡು ಪುಟ ಮಡಿಸಿಕೊಂಡು ಹೋದಳು. ಅವನು ನಾಲ್ಕು ಸಾಲು ಬರೆದು ಕೊಟ್ಟ: ಆದೇಶ ಮೀರಿ ಮೂವತ್ತು ಸುತ್ತು ತಿರುಗಿಸಿದ್ದು ನಾನೇ, ಬೇರೆ ಯಾರ ಪಾತ್ರವೂ ಇಲ್ಲ, ಲೆಕ್ಕ ಹೊರಗೆ ಹೇಳಿದವನೂ ನಾನೇ, ಕೆಳಬೀದಿಯ ಪೈಪನ್ನು ಪೂರ್ತಿ ಬದಲಾಯಿಸಬೇಕೆಂದು ಕೇಳಿಕೊಳ್ಳುತ್ತೇನೆ.

ರಸ್ತೆ ಹೇಗೂ ಅಗೆದಾಗಿತ್ತು. ಮುಚ್ಚಿದರೆ ಮತ್ತೆ ಅಗೆಯಬೇಕಾದೀತೆಂದು ಹೊಸ ಪೈಪನ್ನೇ ಹಾಕಿದರು. ಅದಕ್ಕೆ ಹಾಡು ಕಾರಣವೋ, ಒಡೆದ ಪೈಪು ಕಾರಣವೋ, ಇಂಜಿನಿಯರ್ ಮೂರನೇ ಸಲ ಬರೆದ ಪತ್ರ ಕಾರಣವೋ ಯಾರಿಗೂ ಗೊತ್ತಿಲ್ಲ. ಕೆಳಬೀದಿಗೆ ಈಗ ದಿನ ಬಿಟ್ಟು ದಿನ ನೀರು. ಮೇಲ್ಬೀದಿಗೆ ಮೊದಲಿನಂತೆ ದಿನವೂ. ತಂಗಿಗೆ ಅದು ಸೋಲು, ಮಾವನಿಗೆ ಅರ್ಧ ಗೆಲುವು, ವೆಲ್ಡರನಿಗೆ ಇನ್ನೊಂದು ಹಾಡಿಗೆ ದಾರಿ. ಅವಳು ಕೊನೆಗೂ ಹೊಸ ಪಂಪು, ಹಳೇ ಪೈಪು ಎಂದು ಇನ್ನೊಂದು ಚರಣ ಕಟ್ಟಿದಳು. ತಿರುಗಿಸಿದವನ ತಪ್ಪೂ ಅದರಲ್ಲಿತ್ತು. ಆ ಚರಣಕ್ಕೆ ಜನ ಅಷ್ಟಾಗಿ ಕುಣಿಯಲಿಲ್ಲ. ಆದರೂ ಅವಳು ಬಿಡದೆ ಹಾಡಿದಳು, ಅಣ್ಣನೊಂದಿಗೆ ಮಾತೂ ಹಾಗೆಯೇ ಮೆಲ್ಲಗೆ ಶುರುವಾಯಿತು, ಮೊದಲು ಶ್ರುತಿಯ ವಿಷಯಕ್ಕೆ, ಆಮೇಲೆ ಮನೆಯ ವಿಷಯಕ್ಕೆ.

ಕೆಲಸದಿಂದ ಅವನನ್ನು ತೆಗೆಯಲಿಲ್ಲ. ಕೀಲಿ ಇಸಿದುಕೊಂಡು ದೂರು ವಿಭಾಗದಲ್ಲಿ ಫೋನಿನ ಮುಂದೆ ಕೂರಿಸಿದರು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಊರಿನ ನೀರಿಲ್ಲದವರೆಲ್ಲ ಅವನ ಕಿವಿಗೇ ಬೀಳುತ್ತಾರೆ. ಅವನ ಬಳಿ ಇರುವುದು ಒಂದು ರಿಜಿಸ್ಟರ್, ಒಂದು ಪೆನ್ನು. ವಾಲ್ವು ತಿರುಗಿಸುತ್ತಿದ್ದಾಗ ಕೊನೆಪಕ್ಷ ಭುಜವಾದರೂ ನೋಯುತ್ತಿತ್ತು. ಇಲ್ಲಿ ಏನು ನೋಯುತ್ತಿದೆ ಎಂದು ಬೆರಳಿಟ್ಟು ತೋರಿಸಲೂ ಆಗುವುದಿಲ್ಲ.

ಮೊನ್ನೆ ಒಬ್ಬ ಹೆಂಗಸು ಫೋನ್ ಮಾಡಿದಳು, ಊರಾಚೆಯ ಹೊಸ ಬಡಾವಣೆಯಿಂದ. ಐದು ದಿನದಿಂದ ನೀರಿಲ್ಲ ಎಂದಳು. ನೀರಣ್ಣ 'ಬರ್ಕೊಂಡಿದ್ದೀನಿ, ಬರ್ಕೊಂಡಿದ್ದೀನಿ' ಎನ್ನುತ್ತಿದ್ದಂತೆ ಅವಳು ಮಾತು ನಿಲ್ಲಿಸಿ, "ನೀವು ನೀರಣ್ಣ, ಆ ಬ್ಯಾಂಡಿನವರಲ್ವಾ? ನಿಮ್ಮನ್ನ ಇಲ್ಲಿ ಕೂರಿಸಿದ್ದಾರೆ ಅಂತ ಕೇಳಿದ್ದೆ. ಕಾರ್ಮಿಕರ ಭವನದಲ್ಲಿ ನಿಮ್ಮನ್ನ ನೋಡಿದ್ದೆ," ಎಂದಳು.

"ಹೌದಮ್ಮ."

"ಅಲ್ಲಿ ಅಷ್ಟು ಜೋರು. ಇಲ್ಲಿ ಬರೀ ಬರ್ಕೊಂಡಿದ್ದೀನಿ, ಬರ್ಕೊಂಡಿದ್ದೀನಿ. ಏನ್ರೀ ನಿಮ್ಮ ಕಥೆ?"

ಅವನು ಪೆನ್ನಿನ ತುದಿಯನ್ನು ರಿಜಿಸ್ಟರಿನ ಮೇಲೆ ಒತ್ತಿ ಹಿಡಿದಿದ್ದ. ಕಾಗದದ ಮೇಲೆ ನೀಲಿ ಚುಕ್ಕೆಯೊಂದು ದೊಡ್ಡದಾಗುತ್ತಿತ್ತು.

"ಮನೆ ನಂಬರು ಸರಿಯಾಗಿ ಕೇಳಿಸಲಿಲ್ಲ ಅಮ್ಮ," ಎಂದ. "ಇನ್ನೊಂದ್ಸಲ ಹೇಳಿ."